ಸಾಹಸಕ್ಕೊಂದು ಅಳತೆ ಬೇಡವೇ?

ಬೇಸಗೆಯ ರಜೆ ಸಮೀಪಿಸಿತೆಂದರೆ ಕಾಲೇಜಿನ ಅಂಗಳದಲ್ಲಿ ಪ್ರವಾಸದ ಮಾತು ಮೊದಲಾಗುತ್ತದೆ. ಹಿಂದೆ ಪ್ರವಾಸವೆಂದರೆ ಹಂಪೆ, ಬಾದಾಮಿ, ಗೋಲಗುಂಬಜ, ಜೋಗ. ಹೋಗಿ ನೋಡಿ ಬರುವುದು. ಈಗಿನ ತರುಣರಿಗೆ ನೋಡಿ ಬರುವುದಕ್ಕಿಂತ ಏನನ್ನಾದರೂ ಮಾಡಿ ಬರುವುದೇ ಹೆಚ್ಚು ಪ್ರಿಯ. ಬೆಳಗ್ಗೆ ಹೊಳೆಯಲ್ಲಿ ರಾಫ್ಟು, ಮಧ್ಯಾಹ್ನ ಹಿನ್ನೀರಿನಲ್ಲಿ ಕಯಾಕು, ಸಂಜೆ ತಂತಿಯ ಮೇಲೆ ಜಾರಾಟ, ಹೀಗೆ ಒಂದೇ ಹಗಲಿನಲ್ಲಿ ಗಂಟೆಗೊಂದರಂತೆ ಸಾಹಸಗಳನ್ನು ಪೋಣಿಸಿಕೊಟ್ಟು ಅದಕ್ಕೆ ‘ಒಂದು ದಿನದ ಪ್ಯಾಕೇಜು’ ಎಂದು ಹೆಸರಿಡುವ ವ್ಯವಹಾರ ನಮ್ಮ ನಾಡಿನಲ್ಲಿಯೂ ಬೆಳೆದಿದೆ. ಇದು ತಪ್ಪೆಂದು ಹೇಳಲು ನಾನು ಲೇಖನಿ ಹಿಡಿದಿಲ್ಲ. ಇಪ್ಪತ್ತರ ವಯಸ್ಸಿನಲ್ಲಿ ಹೊಳೆಯನ್ನು ಕಂಡರೆ ಧುಮುಕಬೇಕೆನಿಸದವನು ಮುಂದೆ ಯಾವ ಹೊಸ ವಿಚಾರಕ್ಕೂ ಧುಮುಕಲಾರನು. ಆದರೆ ಸಾಹಸಕ್ಕೆ ಹೊರಡುವಾಗ ನಾವು ಅಗತ್ಯವಾಗಿ ಒಯ್ಯಬೇಕಾದ ವಸ್ತುವೊಂದನ್ನು ಮನೆಯಲ್ಲಿಯೇ ಬಿಟ್ಟು ಹೋಗುತ್ತಿದ್ದೇವೆ. ಅದು ನಮ್ಮ ವಿವೇಚನೆ.

ಕಳೆದ ಏಪ್ರಿಲಿನಲ್ಲಿ ನಮ್ಮ ಕಾಲೇಜಿನ ಮೂವತ್ತು ವಿದ್ಯಾರ್ಥಿಗಳೊಡನೆ ನಾನು ದಾಂಡೇಲಿಯ ಕಡೆಗೆ ಹೋಗಿದ್ದೆ. ಕಾಳೀ ನದಿಯ ಪರಿಚಯ ವಾಚಕರಿಗೆ ಇದ್ದೇ ಇರುತ್ತದೆ. ಉತ್ತರ ಕನ್ನಡದ ಡಿಗ್ಗಿಯ ಬಳಿ ಹುಟ್ಟಿ, 184 ಕಿಲೋಮೀಟರು ಹರಿದು, ಕಾರವಾರದಲ್ಲಿ ಅರಬ್ಬೀ ಸಮುದ್ರವನ್ನು ಸೇರುವ ನದಿ ಅದು. ಗಣೇಶಗುಡಿಯ ಬಳಿ 101 ಮೀಟರು ಎತ್ತರದ ಸೂಪಾ ಅಣೆಕಟ್ಟು ಅದನ್ನು ತಡೆದು ನಿಲ್ಲಿಸಿದೆ. ಅಣೆಕಟ್ಟಿನ ಬುಡದಲ್ಲಿ 50 ಮೆಗಾವಾಟಿನ ಎರಡು ವಿದ್ಯುದ್ಯಂತ್ರಗಳಿವೆ. ಅವುಗಳನ್ನು ತಿರುಗಿಸಿ ಹೊರಬಂದ ನೀರೇ ಕೆಳಗೆ ಬಂಡೆಗಳ ನಡುವೆ ನೊರೆಗರೆಯುತ್ತ ಓಡುತ್ತದೆ. ಆ ನೀರಿನ ಮೇಲೆಯೇ ರಾಫ್ಟುಗಳು ತೇಲುತ್ತವೆ. ಆದುದರಿಂದ ಅಲ್ಲಿ ರಾಫ್ಟನ್ನು ಏರುವವನು ಹೊಳೆಯ ಮೇಲೆ ಮಾತ್ರವಲ್ಲ, ಆ ಹೊತ್ತಿನ ವಿದ್ಯುತ್ತಿನ ಬೇಡಿಕೆಯ ಮೇಲೆಯೂ ತೇಲುತ್ತಾನೆ. ನಿನ್ನೆ ಮೊಣಕಾಲು ಮುಳುಗುವಷ್ಟು ನೀರಿದ್ದ ಜಾಗದಲ್ಲಿ ಇಂದು ಎಷ್ಟಿದೆ ಎಂಬುದು ಮೋಡವನ್ನು ನೋಡಿ ಹೇಳುವ ಮಾತಲ್ಲ. ‘ಇಂದು ನೀರು ಎಷ್ಟು ಬಿಟ್ಟಿದ್ದಾರೆ?’ ಎಂದು ಕೇಳಿ ತಿಳಿಯಬೇಕಾದದ್ದು.

ನಾವು ಕೇಳಲಿಲ್ಲ. ಬೆಳಗ್ಗೆ ಎಂಟು ಗಂಟೆಗೆ ಬಸ್ಸಿನಿಂದ ಇಳಿದೊಡನೆ ಎಲ್ಲರ ಮುಂದೆಯೂ ಒಂದೊಂದು ಅಚ್ಚಾದ ಹಾಳೆಯನ್ನು ಇಟ್ಟರು. ಏನಾದರೂ ಆದರೆ ಅದಕ್ಕೆ ತಾವೇ ಹೊಣೆ ಎಂಬ ಅರ್ಥದ ಒಪ್ಪಿಗೆ ಪತ್ರವದು. ಮೂವತ್ತು ಜನ ವಿದ್ಯಾರ್ಥಿಗಳೂ ಅರ್ಧ ನಿಮಿಷದಲ್ಲಿ ಸಹಿ ಮಾಡಿದರು. ಪ್ರಯೋಗಶಾಲೆಯಲ್ಲಿ ಒಂದು ಅಂಕಿಯನ್ನು ಪರಿಶೀಲಿಸದೆ ಬರೆದರೆ ಗದರಿಸುವ ನಾನು, ಮೂವತ್ತೊಂದನೆಯವನಾಗಿ, ಓದದೆಯೇ ಸಹಿ ಮಾಡಿದೆ. ಇದನ್ನು ಒಪ್ಪಿಕೊಳ್ಳದೆ ಮುಂದಿನ ಮಾತನ್ನು ಹೇಳುವ ಅಧಿಕಾರ ನನಗಿಲ್ಲ.

ಆ ದಿನ ಮೊದಲು ಪ್ರಶ್ನೆ ಕೇಳಿದವಳು ಎರಡನೆಯ ವರ್ಷದ ಒಬ್ಬ ವಿದ್ಯಾರ್ಥಿನಿ. ಅವಳಿಗೆ ಕೊಟ್ಟಿದ್ದ ತೇಲುಕವಚದ ಒಂದು ಪಟ್ಟಿಯ ಕೊಂಡಿ ಮುರಿದಿತ್ತು. “ಸರ್, ಇದು ಬಿಗಿ ಆಗವಲ್ತು. ನಡೀತದೇನ್ರಿ?” ಎಂದಳು. ಗೆಳತಿಯರು ನಕ್ಕರು. ಕವಚ ಹಂಚುತ್ತಿದ್ದವನು, ಏನೂ ಆಗುವುದಿಲ್ಲ, ಮೈಮೇಲೆ ಇದ್ದರೆ ಸಾಕು ಎಂದನು. ಸಾಕೇ? ಭೌತಶಾಸ್ತ್ರವನ್ನು ಕೇಳೋಣ.

ನೀರು ತನ್ನಲ್ಲಿ ಮುಳುಗಿದ ವಸ್ತುವನ್ನು, ಆ ವಸ್ತು ಪಲ್ಲಟಗೊಳಿಸಿದ ನೀರಿನ ತೂಕದಷ್ಟು ಬಲದಿಂದ ಮೇಲಕ್ಕೆ ನೂಕುತ್ತದೆಂಬ ಆರ್ಕಿಮಿಡೀಸನ ತತ್ತ್ವವನ್ನು ನೀವೆಲ್ಲ ಬಲ್ಲಿರಿ. ಮನುಷ್ಯ ಶರೀರದ ಸಾಂದ್ರತೆ ಹೆಚ್ಚುಕಡಮೆ ನೀರಿನಷ್ಟೇ. ಆದುದರಿಂದ ಮೂಗು, ಬಾಯಿಗಳು ನೀರಿನ ಮೇಲೆ ನಿಲ್ಲಲು ಬೇಕಾಗುವ ಹೆಚ್ಚಿನ ಬಲ ಅಲ್ಪವೇ. 70 ನ್ಯೂಟನ್, ಎಂದರೆ ಸುಮಾರು 7 ಕಿಲೋಗ್ರಾಂ ತೂಕದಷ್ಟು ಮೇಲ್ನೂಕು ಬಲ ಕೊಡುವ ಕವಚ ಆ ಕೆಲಸಕ್ಕೆ ಸಾಮಾನ್ಯವಾಗಿ ಸಾಲುತ್ತದೆ. ಆದರೆ ಈ ಬಲ ವರ್ತಿಸುವುದು ಕವಚದ ಮೇಲೆ, ಮನುಷ್ಯನ ಮೇಲಲ್ಲ. ಪಟ್ಟಿಗಳು ಬಿಗಿಯಾಗಿದ್ದರೆ ಮಾತ್ರ ಅದು ಕವಚದಿಂದ ಮೈಗೆ ಬಂದು ಸೇರುತ್ತದೆ. ಸಡಿಲವಾಗಿದ್ದರೆ ಕವಚವು ತಾನೊಂದೇ ಮೇಲೇರಿ ಕಿವಿಯ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಅದನ್ನು ತೊಟ್ಟವನು ಕೆಳಗೆ ಉಳಿಯುತ್ತಾನೆ. ಮುರಿದ ಕೊಂಡಿ ಸಣ್ಣ ವಿಷಯವಲ್ಲ. ಆರ್ಕಿಮಿಡೀಸನಿಗೂ ಆ ಹುಡುಗಿಗೂ ಇದ್ದ ಸಂಬಂಧವೇ ಆ ಕೊಂಡಿಯಲ್ಲಿತ್ತು.

ಇನ್ನೊಂದು ಸಂಗತಿಯಿದೆ. ರಾಫ್ಟಿನವರು ಮೆಚ್ಚುವುದು ಬೆಳ್ಳಗೆ ನೊರೆಯಾಡುವ ನೀರನ್ನು. ಆ ಬಿಳುಪು ನೀರಿನಲ್ಲಿ ಬೆರೆತ ಗಾಳಿಯಿಂದ ಬಂದದ್ದು. ನೂರರಲ್ಲಿ ಹತ್ತು ಭಾಗ ಗಾಳಿ ಬೆರೆತರೆ ಅದರ ಸಾಂದ್ರತೆ ನೂರರಲ್ಲಿ ಹತ್ತರಷ್ಟು ಕುಗ್ಗುತ್ತದೆ. 70 ಕಿಲೋಗ್ರಾಂ ತೂಕದ ಮನುಷ್ಯನು ಅದರಲ್ಲಿ ಪೂರ್ಣ ಮುಳುಗಿದರೆ ಅವನನ್ನು ಮೇಲಕ್ಕೆ ನೂಕುವ ಬಲ ಸುಮಾರು 7 ಕಿಲೋಗ್ರಾಂ ತೂಕದಷ್ಟು ಕಡಿಮೆಯಾಗುತ್ತದೆ. ಎಂದರೆ ಕವಚವು ಕೊಟ್ಟಷ್ಟನ್ನೂ ನೊರೆ ಕಿತ್ತುಕೊಂಡಂತಾಯಿತು! ಇದರಿಂದ ಕವಚ ನಿರರ್ಥಕವೆಂದು ತಿಳಿಯಬಾರದು. ಕವಚವಿಲ್ಲದವನ ಗತಿ ಏನಾದೀತೆಂಬುದನ್ನು ಈ ಲೆಕ್ಕ ತೋರಿಸುತ್ತದೆ. ಎಲ್ಲಿ ನೀರು ಅತ್ಯಂತ ಸುಂದರವಾಗಿ ಕಾಣುತ್ತದೆಯೋ ಅಲ್ಲಿಯೇ ಅದು ಅತ್ಯಂತ ಕಡಿಮೆ ಆಧಾರ ಕೊಡುತ್ತದೆ.

ಹರಿಯುವ ನೀರಿನ ಬಲವನ್ನೂ ನಾವು ಕಣ್ಣಳತೆಯಿಂದ ತಪ್ಪಾಗಿ ಅಂದಾಜು ಮಾಡುತ್ತೇವೆ. ಬಲವು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಸೆಕೆಂಡಿಗೆ ಒಂದೂವರೆ ಮೀಟರು ವೇಗದ ನೀರು, ಎದುರು ನಿಂತವನ ಅರ್ಧ ಚದರ ಮೀಟರು ಮೈಯನ್ನು ಸುಮಾರು 57 ಕಿಲೋಗ್ರಾಂ ತೂಕದಷ್ಟು ಬಲದಿಂದ ನೂಕುತ್ತದೆ. ವೇಗ ಇಮ್ಮಡಿಯಾದರೆ ಬಲ ನಾಲ್ಮಡಿಯಾಗಿ 230 ಕಿಲೋಗ್ರಾಮಿನ ಸಮೀಪಕ್ಕೆ ಬರುತ್ತದೆ. ಆದುದರಿಂದ ರಾಫ್ಟಿನಿಂದ ಬಿದ್ದವನು ಎದ್ದು ನಿಲ್ಲಲು ಯತ್ನಿಸಬಾರದು. ಪಾದ ಬಂಡೆಗಳ ಸಂದಿಯಲ್ಲಿ ಸಿಕ್ಕಿಕೊಂಡರೆ ಇಷ್ಟು ಬಲ ಅವನನ್ನು ಮುಂದಕ್ಕೆ ಬಾಗಿಸಿ ನೀರಿನೊಳಗೆ ಒತ್ತಿಹಿಡಿಯುತ್ತದೆ. ಅಂಗಾತ ತೇಲುತ್ತ, ಕಾಲುಗಳನ್ನು ಮೇಲಕ್ಕೆತ್ತಿ ಪ್ರವಾಹದ ಮುಂದಕ್ಕೆ ಚಾಚಿಕೊಂಡು ಸಾಗಬೇಕು. ಈ ಸೂಚನೆಯನ್ನು ನಮ್ಮ ಮಾರ್ಗದರ್ಶಕನು ಹೇಳಿದನು. ಆದರೆ ಕಾರಣ ಹೇಳಲಿಲ್ಲ. ಕಾರಣ ತಿಳಿಯದ ಸೂಚನೆಯನ್ನು ಮನುಷ್ಯನು ಗಾಬರಿಯಲ್ಲಿ ಮೊದಲು ಮರೆಯುತ್ತಾನೆ.

ಕೊಂಡಿ ಮುರಿದ ಕವಚವನ್ನು ನಾವು ಬದಲಾಯಿಸಿಕೊಂಡೆವು. ಹುಡುಕಿದಾಗ ಇನ್ನೂ ಎರಡು ಅಂಥವೇ ಸಿಕ್ಕವು. ಒಬ್ಬಳು ಕೇಳಿದ್ದರಿಂದ ಮೂವರಿಗೆ ಉಪಕಾರವಾಯಿತು.

ಸಂಜೆಯ ಕಾರ್ಯಕ್ರಮ ತಂತಿಯ ಜಾರಾಟ. ಈ ಆಟದ ಪೂರ್ವಚರಿತ್ರೆ ಸ್ವಾರಸ್ಯವಾದುದು. 1970ರ ದಶಕದಲ್ಲಿ ಕೋಸ್ಟರೀಕಾದ ಮಳೆಕಾಡಿನಲ್ಲಿ ಡೊನಾಲ್ಡ್ ಪೆರ್ರಿ ಎಂಬ ಜೀವಶಾಸ್ತ್ರಜ್ಞನು ಮರಗಳ ನೆತ್ತಿಯಲ್ಲಿರುವ ಜೀವಿಗಳನ್ನು ಅಭ್ಯಸಿಸಲು ಹಗ್ಗಗಳನ್ನು ಕಟ್ಟಿಕೊಂಡು ಮೇಲೇರಿದನು. ಕಾಡಿನ ಮೇಲ್ಛಾವಣಿಯಲ್ಲಿ ಹಗ್ಗದ ಮೇಲೆ ಸಂಚರಿಸುವ ಆ ಕಲ್ಪನೆಯೇ ಮುಂದೆ ಪ್ರವಾಸಿಗಳ ವಿನೋದವಾಗಿ ಅದೇ ನಾಡಿನಲ್ಲಿ ಬೆಳೆದು ಲೋಕವನ್ನೆಲ್ಲ ಸುತ್ತಿತು. ಅವನು ಹಗ್ಗ ಹಿಡಿದದ್ದು ನಿಧಾನವಾಗಿ ನೋಡುವುದಕ್ಕಾಗಿ. ನಾವು ಹಿಡಿಯುವುದು ಏನನ್ನೂ ನೋಡಲಾಗದಷ್ಟು ವೇಗವಾಗಿ ಸಾಗುವುದಕ್ಕಾಗಿ. ಮಂಗಟ್ಟೆ ಹಕ್ಕಿಯ ರೆಕ್ಕೆಯ ಸಪ್ಪಳ ಕೇಳಬಹುದಾದ ಕಾಡಿನಲ್ಲಿ ನಾವು ನಮ್ಮ ಕಿರಿಚಾಟವನ್ನೇ ಕೇಳಿ ಹಿಂದಿರುಗುತ್ತೇವೆ.

ಅದಿರಲಿ. ತಂತಿಯನ್ನು ನೋಡಿದ ನನ್ನ ವಿದ್ಯಾರ್ಥಿಯೊಬ್ಬನು, “ಬಹಳ ಬಿಗಿಯಾಗಿ ಕಟ್ಟಿದ್ದಾರೆ, ಭಯವಿಲ್ಲ” ಎಂದನು. ಬಿಗಿಯಾದದ್ದು ಭದ್ರವೆಂದು ನಮಗೆಲ್ಲ ತೋರುತ್ತದೆ. ಲೆಕ್ಕ ಬೇರೆಯೇ ಹೇಳುತ್ತದೆ. 200 ಮೀಟರು ಉದ್ದದ ತಂತಿಯ ನಡುವೆ 70 ಕಿಲೋಗ್ರಾಮಿನ ಮನುಷ್ಯನು ತೂಗುವಾಗ ತಂತಿ 5 ಮೀಟರು ಜೋಲುಬಿದ್ದರೆ, ಅದರ ಸ್ವಂತ ಭಾರವನ್ನು ಗಣಿಸದೆ ಇದ್ದರೂ, ಅದರ ಮೇಲಿನ ಸೆಳೆತ 700 ಕಿಲೋಗ್ರಾಂ ತೂಕದಷ್ಟು, ಎಂದರೆ ಅವನ ತೂಕದ ಹತ್ತುಪಟ್ಟು. ಜೋಲು ಎರಡೂವರೆ ಮೀಟರಿಗೆ ಇಳಿದರೆ ಸೆಳೆತ 1400 ಕಿಲೋಗ್ರಾಮಿಗೆ ಏರುತ್ತದೆ. ತಂತಿ ಸರಳರೇಖೆಯಂತೆ ಕಂಡಷ್ಟೂ ಅದರ ಮೇಲಿನ, ಅದನ್ನು ಕಟ್ಟಿದ ಕಂಬದ ಮೇಲಿನ ಹೊರೆ ಹೆಚ್ಚು.

ವೇಗದ ಲೆಕ್ಕವೂ ಹಾಗೆಯೇ. 20 ಮೀಟರು ಕೆಳಗಿಳಿಯುವ ತಂತಿಯಲ್ಲಿ ಘರ್ಷಣೆಯೂ ಗಾಳಿಯ ತಡೆಯೂ ಇಲ್ಲದಿದ್ದರೆ ಕೊನೆಯ ವೇಗ ಗಂಟೆಗೆ 72 ಕಿಲೋಮೀಟರು ಸಮೀಪವಿರುತ್ತಿತ್ತು. ಅದರ ಅರ್ಧವೇ ಉಳಿಯಿತೆನ್ನಿ. ಆ ವೇಗವನ್ನು ಹತ್ತು ಮೀಟರಿನಲ್ಲಿ ತಡೆದರೆ ಮೈಗೆ ಬರುವ ಪೆಟ್ಟು ಗುರುತ್ವಬಲದ ಅರ್ಧದಷ್ಟು. ಒಂದೇ ಮೀಟರಿನಲ್ಲಿ ತಡೆದರೆ ಐದುಪಟ್ಟು. ಗಾಳಿಯ ತಡೆಯನ್ನು ಮೀರುವುದರಲ್ಲಿ ಭಾರವಾದವನು ಮುಂದು. ಹಗುರಾದವನು ನಡುವೆಯೇ ನಿಂತುಬಿಡಬಹುದು. ಆದುದರಿಂದ ಮೇಲೇರುವ ಮೊದಲು ಎರಡು ವಸ್ತುಗಳನ್ನು ಹುಡುಕಿರಿ: ಹತ್ತುವಲ್ಲಿ ತೂಕದ ಯಂತ್ರ, ಇಳಿಯುವಲ್ಲಿ ತಡೆಯ ಏರ್ಪಾಡು. ಹಗ್ಗವನ್ನು ಎಲ್ಲರೂ ನೋಡುತ್ತಾರೆ. ನಿಲ್ಲಿಸುವ ಬಗೆಯನ್ನು ನೋಡುವವರು ವಿರಳ.

ನಮ್ಮ ಸರದಿ ಬರುವ ಹೊತ್ತಿಗೆ ಪಶ್ಚಿಮದಲ್ಲಿ ಮೋಡ ಕಪ್ಪಿಟ್ಟಿತ್ತು. ಮಿಂಚು ಕಂಡಿತು. ಅಭ್ಯಾಸಬಲದಿಂದ ಎಣಿಸಿದೆ. ಹದಿನೈದು ಸೆಕೆಂಡಿಗೆ ಗುಡುಗು ಕೇಳಿಸಿತು. ಶಬ್ದವು ಒಂದು ಕಿಲೋಮೀಟರು ಬರಲು ಸುಮಾರು ಮೂರು ಸೆಕೆಂಡು ಬೇಕು; ಎಂದರೆ ಸಿಡಿಲು ಐದು ಕಿಲೋಮೀಟರು ದೂರದಲ್ಲಿತ್ತು. ಮೂವತ್ತು ಸೆಕೆಂಡಿಗಿಂತ ಕಡಿಮೆ ಎಣಿಕೆ ಬಂದರೆ ಬಯಲಿನಲ್ಲಿರಬಾರದು, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯಬೇಕು ಎಂಬುದು ಸರ್ವಸಮ್ಮತವಾದ ನಿಯಮ. ನಾವು ನಿಂತಿದ್ದುದು ಎತ್ತರದ ಕಟ್ಟೆಯ ಮೇಲೆ, ಲೋಹದ ತಂತಿಯ ತುದಿಯಲ್ಲಿ. ಸಾಲಿನಲ್ಲಿ ಹನ್ನೊಂದು ಜನ ಉಳಿದಿದ್ದರು. ನಡೆಸುವವನು, ಬೇಗ ಬೇಗ ಮುಗಿಸಿಬಿಡೋಣ ಎಂದನು. ನಾನು ಬೇಡವೆಂದೆ. “ಸರ್, ರೊಕ್ಕ ಕೊಟ್ಟೀವ್ರಿ!” ಎಂದು ಹನ್ನೊಂದು ಕಂಠಗಳೂ ಕೂಗಿದವು.

ಇಡೀ ದಿನದ ಪ್ಯಾಕೇಜಿನ ನಿಜವಾದ ಅಪಾಯ ಈ ಒಂದು ವಾಕ್ಯದಲ್ಲಿದೆ. ಕೊಟ್ಟ ಹಣ ಹೋಗಿಯಾಯಿತು. ಅದು ಸಿಡಿಲನ್ನು ಒಂದು ಮೀಟರು ಕೂಡ ದೂರ ಸರಿಸಲಾರದು. ಆದರೂ ಪಟ್ಟಿಯಲ್ಲಿರುವುದನ್ನೆಲ್ಲ ಮುಗಿಸಲೇಬೇಕೆಂಬ ಹಟ ಕೊಟ್ಟವನಿಗೂ ಇರುತ್ತದೆ, ಕೊಂಡವನಿಗೂ ಇರುತ್ತದೆ. ದಿನವೆಲ್ಲ ಬಿಸಿಲಿನಲ್ಲಿ ದಣಿದ ಮೈಯೂ ವಿವೇಕಕ್ಕೆ ನೆರವಾಗುವುದಿಲ್ಲ. ನಮ್ಮ ಬೆವರು ಒಂದು ಲೀಟರು ಆವಿಯಾದರೆ ಸುಮಾರು 2400 ಕಿಲೋಜೌಲು ಉಷ್ಣವನ್ನು ಒಯ್ಯುತ್ತದೆ. ಆದರೆ ಉಷ್ಣವಲಯದ ತೇವದ ಗಾಳಿಯಲ್ಲಿ ಬೆವರು ಆವಿಯಾಗದೆ ಸುಮ್ಮನೆ ತೊಟ್ಟಿಕ್ಕುತ್ತದೆ. ನೀರೂ ಹೋಗುತ್ತದೆ, ಮೈಯೂ ತಂಪಾಗುವುದಿಲ್ಲ. ಹೀಗೆ ದಣಿದ ಹೊತ್ತಿಗೇ ದಿನದ ಕೊನೆಯ, ಅತಿ ಎತ್ತರದ ಆಟವನ್ನು ಇಡುವುದು ಎಷ್ಟರ ಮಟ್ಟಿಗೆ ಸರಿ?

ನಾವು ಇಳಿದುಬಂದೆವು. ಇಪ್ಪತ್ತು ನಿಮಿಷಗಳಲ್ಲಿ ಬಿರುಮಳೆ ಸುರಿಯಿತು. ಆ ತಂತಿಗೆ ಸಿಡಿಲು ಬಡಿಯಲಿಲ್ಲ. ಹಿಂದಿರುಗುವಾಗ ಬಸ್ಸಿನಲ್ಲಿ, “ನೋಡಿ, ಏನೂ ಆಗಲಿಲ್ಲ” ಎಂದು ಕೆಲವರು ಗೊಣಗಿದರು. ಸಿಡಿಲು ಬಡಿದಿದ್ದರೆ ಮಾತ್ರ ನಿರ್ಧಾರ ಸರಿಯಾಗುತ್ತಿತ್ತೇ? ಫಲದಿಂದ ನಿರ್ಧಾರವನ್ನು ಅಳೆಯುವುದು ಜೂಜುಗಾರನ ರೀತಿ. ನಿರ್ಧರಿಸುವ ಕ್ಷಣದಲ್ಲಿ ಕೈಯಲ್ಲಿದ್ದ ಸಾಕ್ಷ್ಯದಿಂದ ಅಳೆಯುವುದು ವಿಜ್ಞಾನದ ರೀತಿ.

ಅಪಘಾತದ ಸುದ್ದಿ ಬಂದಾಗಲೆಲ್ಲ ಇಂಥ ಪ್ರವಾಸಗಳನ್ನೇ ನಿಷೇಧಿಸಬೇಕೆಂಬ ಕೂಗು ಏಳುತ್ತದೆ. ಅದನ್ನು ನಾನು ಒಪ್ಪಲಾರೆ. ನಿಷೇಧಿಸಿದರೆ ಹುಡುಗರು ನಮಗೆ ಹೇಳದೆ ಹೋಗುತ್ತಾರೆ, ಅಷ್ಟೇ. ಪ್ರವಾಸದ ಹಿಂದಿನ ವಾರ ಒಂದು ಗಂಟೆಯ ಪಾಠವಿರಲಿ ಎಂಬುದು ನನ್ನ ಸಲಹೆ. ಆರ್ಕಿಮಿಡೀಸನನ್ನು, ಬಲಗಳ ತ್ರಿಕೋಣವನ್ನು, ಗುಪ್ತೋಷ್ಣವನ್ನು ಅಂದು ಕಾಳೀ ನದಿಯ ಉದಾಹರಣೆಯಿಂದಲೇ ಹೇಳಿಕೊಡಬಹುದು. ನಾನು ಈ ವರ್ಷದಿಂದ ಹಾಗೆ ಮಾಡುವೆನೆಂದು ನಿಶ್ಚಯಿಸಿದ್ದೇನೆ.

ಇಷ್ಟೆಲ್ಲ ಲೆಕ್ಕ ಹಾಕಿದರೆ ಮೋಜು ಎಲ್ಲಿ ಉಳಿಯಿತು ಎಂದು ನೀವು ಕೇಳಬಹುದು. ಈಜು ಬಲ್ಲವನಿಗೆ ಹೊಳೆಯ ಸುಖ ಕಡಿಮೆಯಾದುದನ್ನು ಯಾರಾದರೂ ಕಂಡಿದ್ದಾರೆಯೇ? ಕವಚವನ್ನು ತಾನೇ ಬಿಗಿದು ನೋಡಿ, ನೀರಿನ ಮಟ್ಟವನ್ನು ಕೇಳಿ ತಿಳಿದು, ಮಿಂಚನ್ನು ಎಣಿಸಬಲ್ಲವನು ನಿಶ್ಚಿಂತೆಯಿಂದ ಕೂಗಿ ಕುಣಿಯಬಹುದು. ಮುಂದಿನ ರಜೆಯಲ್ಲಿ ಅಂಥ ಒಂದು ಹಾಳೆಯನ್ನು ನಿಮ್ಮ ಮುಂದೆ ಇಟ್ಟಾಗ ಮೊದಲು ಅದನ್ನು ಪೂರ್ತಿಯಾಗಿ ಓದಿರಿ. ಅನಂತರ ನಿಮ್ಮ ಕವಚದ ಕೊಂಡಿಗಳನ್ನು ಒಂದೊಂದಾಗಿ ಎಳೆದು ನೋಡಿರಿ. ಪಕ್ಕದವರು ನಕ್ಕರೆ ನಗಲಿ. ಅವರ ಕೊಂಡಿಗಳನ್ನೂ ಎಳೆದು ನೋಡಿರಿ.