ಸ್ಟೇರಿಂಗ್ ತಾನಾಗಿ ಮಧ್ಯಕ್ಕೆ ಬರಬೇಕಾ?

ಹಾಸ್ಟೆಲ್ ರೂಮಲ್ಲಿ ಲ್ಯಾಪ್‌ಟಾಪಿಗೆ ಮೇಮ್ ಎಮ್ಯುಲೇಟರ್ ಹಾಕಿ, ಬಾಣದ ಕೀ ಒತ್ತಿ ಒತ್ತಿ 'ಔಟ್ ರನ್' ಆಡಿ, "ಏನ್ ಗುರು, ಇಷ್ಟೇನಾ?" ಅಂದವರು ನಮ್ಮಲ್ಲಿ ಬಹಳ ಜನ. ತಪ್ಪು ಆಟದ್ದಲ್ಲ. 1986ರಲ್ಲಿ ಸೆಗಾ ಅದನ್ನು ಮಾಡಿದ್ದು ಸ್ಟೇರಿಂಗ್, ಪೆಡಲ್, ಗೇರ್ ಇರುವ ಆರ್ಕೇಡ್ ಯಂತ್ರಕ್ಕೆ. ಎಮ್ಯುಲೇಟರ್ ಆ ಯಂತ್ರದ ಚಿಪ್‌ಗಳ ಕೆಲಸ ಮಾಡುತ್ತೆ, ಕೈಗೆ ಸ್ಟೇರಿಂಗ್ ಕೊಡಲ್ಲ.

ಹಾಗಾದ್ರೆ ದುಬಾರಿ ಯುಎಸ್‌ಬಿ ಸ್ಟೇರಿಂಗ್ ಕೊಂಡರೆ ಮುಗೀತಾ? ಇಲ್ಲ ಅನ್ನೋದೇ ನಮ್ಮ ವಾದ. ಔಟ್ ರನ್ನಿನ ಸ್ಟೇರಿಂಗ್ ಹಿಂದೆ ಇರೋದು ಪೊಟೆನ್ಶಿಯೋಮೀಟರ್. ಚಕ್ರ ಈಗ ಎಲ್ಲಿದೆ ಅನ್ನೋದನ್ನ ಅದು ವೋಲ್ಟೇಜ್ ಆಗಿ ಹೇಳುತ್ತೆ. ಅದೇ ವರ್ಷದ ಅಟಾರಿಯ 'ಸೂಪರ್ ಸ್ಪ್ರಿಂಟ್' ನೋಡಿ: ಅದರ ಚಕ್ರಕ್ಕೆ ತಡೆಯೇ ಇಲ್ಲ, ಗಿರ್ರನೆ ಎಷ್ಟು ಸುತ್ತಾದರೂ ತಿರುಗುತ್ತೆ. ಆಟಕ್ಕೆ ಬೇಕಿರೋದು ಎಷ್ಟು ತಿರುಗಿತು, ಯಾವ ಕಡೆಗೆ, ಅಷ್ಟೇ. ಚಕ್ರ ನಿಲ್ಲಿಸಿದರೆ ಕಾರು ಅದೇ ದಿಕ್ಕಿಗೆ ಹೋಗುತ್ತೆ. ಇದಕ್ಕೆ ತಾನಾಗಿ ಮಧ್ಯಕ್ಕೆ ಬರುವ ಸ್ಟೇರಿಂಗ್ ಜೋಡಿಸಿದರೆ, ನೀವು ಕೈ ಬಿಟ್ಟ ಕೂಡಲೇ ಚಕ್ರದ ಜೊತೆ ಕಾರೂ ವಾಪಸ್ ತಿರುಗಿ ಗೋಡೆಗೆ ಗುದ್ದುತ್ತೆ. ಎಷ್ಟು ಸಾವಿರ ಕೊಟ್ಟಿದ್ದರೂ ಅಷ್ಟೇ.

ಎರಡನೇ ಬಗೆಗೆ ಸಾಮಾನು ಬೇರೆಲ್ಲೂ ಹುಡುಕಬೇಕಿಲ್ಲ. ಹಳೇ ಬಾಲ್ ಮೌಸ್ ಬಿಚ್ಚಿ: ಸೀಳುಗಳಿರುವ ಪುಟ್ಟ ಚಕ್ರ, ಬೆಳಕಿನ ಸೆನ್ಸರ್, ಎಲ್ಲ ಇದೆ. ಅದರ ರೋಲರಿಗೆ ರಬ್ಬರ್ ಬೆಲ್ಟ್ ಹಾಕಿ ಸ್ಟೇರಿಂಗಿನ ಶಾಫ್ಟಿಗೆ ಜೋಡಿಸಿ, ಮೇಮ್‌ನಲ್ಲಿ ಮೌಸ್ ಆನ್ ಮಾಡಿ, ಸೆನ್ಸಿಟಿವಿಟಿ ಸರಿಮಾಡಿಕೊಂಡರೆ ಸಾಕು. ಬೆಲ್ಟ್ ಸ್ವಲ್ಪ ಜಾರಿದರೂ ಚಿಂತೆಯಿಲ್ಲ, ತಪ್ಪಿಹೋಗೋಕೆ ಮಧ್ಯ ಅನ್ನೋದೇ ಇಲ್ಲವಲ್ಲ!

ಪೊಟೆನ್ಶಿಯೋಮೀಟರಿಗೆ ನಾವು ಪ್ರೋ ಮೈಕ್ರೋ ಬೋರ್ಡ್ ಬಳಸಿದೆವು, ಅದು ನೇರವಾಗಿ ಜಾಯ್‌ಸ್ಟಿಕ್ ಆಗಿ ಕಾಣಿಸಿಕೊಳ್ಳುತ್ತೆ. 0ಯಿಂದ 1023ರವರೆಗೆ ಸಂಖ್ಯೆ ಬಂತು, ಖುಷಿಯೋ ಖುಷಿ. ಆಡಿದರೆ ಕಾರು ಒಂದು ಕಡೆ ನಿಧಾನ, ಇನ್ನೊಂದು ಕಡೆ ಹುಚ್ಚು. ಎರಡು ದಿನ ಕೋಡ್ ತಿದ್ದಿದೆವು. ಕೊನೆಗೆ ನೋಡಿದರೆ ನಾವು ಹಾಕಿದ್ದು ಹಳೇ ಆಂಪ್ಲಿಫೈಯರಿನ ವಾಲ್ಯೂಮ್ ಪಾಟ್. ಅದು ಲಾಗರಿದಮಿಕ್, ಬೇಕಿದ್ದದ್ದು ಲೀನಿಯರ್. ಗೇರೂ ಹಾಗೇ ಕಾಡಿತು. ಕೀಲಿ ಒಮ್ಮೆ ಒತ್ತಿದರೆ ಹೈ, ಮತ್ತೊಮ್ಮೆ ಒತ್ತಿದರೆ ಲೋ ಅಂತ ಸೆಟ್ಟಿಂಗ್ ಇತ್ತು. ನಮ್ಮ ಲಿವರ್ ಹಾಕಿದ ಜಾಗದಲ್ಲೇ ನಿಲ್ಲುತ್ತೆ. ಎರಡನೇ ಸಲಕ್ಕೆ ಗೇರ್ ಉಲ್ಟಾ!

ಇದನ್ನೇ ಮಿನಿ ಪ್ರಾಜೆಕ್ಟ್ ಮಾಡ್ತೀವಿ ಅಂದಾಗ ಬಂದ ಉತ್ತರ: "ಆಟದ ಸಾಮಾನಿಗೆಲ್ಲ ಮಾರ್ಕ್ಸ್ ಕೊಡೋಕಾಗಲ್ಲ ಕಣ್ರಯ್ಯ." ಸರ್, ಲೈನ್ ಫಾಲೋವರ್ ಪ್ರತಿ ವರ್ಷ ಪಾಸಾಗುತ್ತೆ, ಕೋಡ್ ಸೀನಿಯರ್‌ಗಳದ್ದೇ. ಲಾಗ್ ಮತ್ತು ಲೀನಿಯರ್ ವ್ಯತ್ಯಾಸ ನಾವು ಮೂರನೇ ಸೆಮಿಸ್ಟರಲ್ಲಿ ಬರೆದು ಮರೆತಿದ್ದೆವು, ಕೈಗೆ ತಗುಲಿದ್ದು ಈಗ. ಈ ಪ್ರಾಜೆಕ್ಟಲ್ಲಿ ಸುಳ್ಳು ರೀಡಿಂಗ್ ಬರೆಯೋಕೂ ಆಗಲ್ಲ, ಪರೀಕ್ಷಕರೇ ಕೂತು ಒಂದು ತಿರುವು ಹೊಡೆದರೆ ಗೊತ್ತಾಗುತ್ತೆ. ದಯವಿಟ್ಟು ಮುಂದಿನ ಬ್ಯಾಚಿಗಾದರೂ ಒಪ್ಪಿಗೆ ಕೊಡಿ.

ಜೂನಿಯರ್‌ಗಳೇ, ಲ್ಯಾಬಿನ ಮೂಲೆಯ ರಟ್ಟಿನ ಡಬ್ಬದಲ್ಲಿ ಇನ್ನೂ ಬಾಲ್ ಮೌಸ್‌ಗಳಿವೆ. ಸೆಮಿಸ್ಟರ್ ಮುಗಿಯೋದ್ರೊಳಗೆ ಗುಜರಿಗೆ ಹೋಗ್ತಾವಂತೆ. ಅಟೆಂಡರ್ ಅಣ್ಣನ್ನ ಕೇಳಿ ತಗೊಳ್ಳಿ.