ಇಂಜಿನ್ ಇಳಿಸುವ ಮೊದಲು ಬಾನೆಟ್ ಎತ್ತಿ ನೋಡಿ!



ಅಪ್ಪ ಕೊಂಡ ಹಳೇ ಡೀಸೆಲ್ ಪಿಕಪ್ಪು ನಿಮ್ಮ ಮನೆ ಮುಂದೆ ನಿಂತಿದೆಯೇ? ತರಕಾರಿ, ನೀರಿನ ಕ್ಯಾನು, ಶಾಮಿಯಾನದ ಸಾಮಾನು ಹೊತ್ತು ಮನೆ ನಡೆಸಿದ ಗಾಡಿ ಅದು. ಒಂದು ಬೆಳಿಗ್ಗೆ ಸ್ಟಾರ್ಟ್ ಆಗುವುದಿಲ್ಲ. ಗ್ಯಾರೇಜಿನವನು ಬಂದು ಎರಡು ಸಲ ಸೆಲ್ಫ್ ಹೊಡೆದು, 'ಇಂಜಿನ್ ಹೋಗಿದೆ ಸಾರ್, ಇಳಿಸಬೇಕು' ಅನ್ನುತ್ತಾನೆ. ನೀವು ಹೂಂ ಅನ್ನುತ್ತೀರಿ. ಯಾಕೆ ಸ್ವಾಮಿ ಹೂಂ ಅನ್ನುತ್ತೀರಿ? ಏನು ನೋಡಿ ಹೇಳಿದೆಯಪ್ಪಾ ಎಂದು ಒಂದು ಮಾತು ಕೇಳಬಾರದೆ?

ಮೆಕ್ಯಾನಿಕ್‌ಗಳೆಲ್ಲ ಕಳ್ಳರು ಅಂತ ನಾನು ಹೇಳುತ್ತಿಲ್ಲ. ಸ್ಕ್ರೂಡ್ರೈವರ್ ಹಿಡಿಗೆ ಕಿವಿ ಕೊಟ್ಟು ಯಾವ ಸಿಲಿಂಡರ್ ಏಟು ತಪ್ಪುತ್ತಿದೆ ಎಂದು ಹೇಳುವ ಪುಣ್ಯಾತ್ಮರು ಕಲಾಸಿಪಾಳ್ಯದಲ್ಲೂ ಇದ್ದಾರೆ, ತಾಲ್ಲೂಕು ಕೇಂದ್ರದಲ್ಲೂ ಇದ್ದಾರೆ. ಆದರೆ ಪ್ರಶ್ನೆ ಕೇಳದ ಗಿರಾಕಿ ಸಿಕ್ಕರೆ ಯಾರಿಗಾದರೂ ದೊಡ್ಡ ಕೆಲಸವೇ ಸುಲಭ!

ಡೀಸೆಲ್ ಇಂಜಿನ್ನಿಗೆ ಸ್ಪಾರ್ಕ್ ಪ್ಲಗ್ಗಿಲ್ಲ. ಗಾಳಿಯನ್ನು ಅದುಮಿ ಅದುಮಿ ಕಾಯಿಸಿ, ಆ ಬಿಸಿಗೆ ಡೀಸೆಲ್ ಚಿಮ್ಮಿಸಿದರೆ ಹೊತ್ತಿಕೊಳ್ಳುತ್ತದೆ. ಅಷ್ಟೇ ವಿದ್ಯೆ. ಆ ಚಿಮ್ಮಿಸುವ ಪಂಪನ್ನು ದಶಕಗಳ ಕಾಲ ತಯಾರಿಸಿದ್ದು ನಮ್ಮ ಆಡುಗೋಡಿಯ ಮೈಕೋ. 1951ರಲ್ಲಿ ಹುಟ್ಟಿದ ಕಂಪನಿ. 2008ರಲ್ಲಿ ಬಾಷ್ ಅಂತ ಹೆಸರು ಬದಲಿಸಿಕೊಂಡಿತು. ನಿಮ್ಮ ಗಾಡಿಯ ಪಂಪಿನ ಮೇಲಿನ ಜಿಡ್ಡು ಒರೆಸಿ ನೋಡಿ, ಆ ಹೆಸರು ಕಂಡರೂ ಕಂಡೀತು. ನಮ್ಮೂರಲ್ಲೇ ತಯಾರಾದ ವಸ್ತುವಿನ ಮುಂದೆ ನಾವೇ ಪೆಚ್ಚಾಗಿ ನಿಲ್ಲುವುದೆ?

ಕೀಲಿ ತಿರುಗಿಸಿದಾಗ 'ಟಿಕ್ ಟಿಕ್' ಅಂದು ಸುಮ್ಮನಾದರೆ, ಇಲ್ಲವೇ ಮುಕ್ಕುತ್ತಾ ತಿರುಗಿದರೆ, ಇಂಜಿನ್ನನ್ನು ಬೈಯಬೇಡಿ. ಬ್ಯಾಟರಿ ಟರ್ಮಿನಲ್ಲಿನ ಬಿಳಿ ಬೂಷ್ಟು ಕೆರೆಯಿರಿ. ಇಂಜಿನ್ನಿನಿಂದ ಚಾಸಿಗೆ ಹೋಗುವ ಅರ್ತ್ ವೈರು ತುಕ್ಕು ತಿಂದಿದೆಯೇ ನೋಡಿ. ಈ ವೈರನ್ನು ನೋಡುವವರೇ ಕಡಿಮೆ!

ಜೋರಾಗಿ ತಿರುಗುತ್ತಿದೆ, ಆದರೂ ಹತ್ತುತ್ತಿಲ್ಲ. ಆಗ ಒಬ್ಬರು ಸೈಲೆನ್ಸರ್ ಹತ್ತಿರ ನಿಲ್ಲಿ. ಹೊಗೆಯೇ ಇಲ್ಲವೆಂದರೆ ಡೀಸೆಲ್ ಒಳಕ್ಕೆ ಬರುತ್ತಿಲ್ಲ. ಟ್ಯಾಂಕ್ ಬರಿದಾಗಿತ್ತೇ? ಪೈಪಿಗೆ ಏರ್ ಹಿಡಿದಿದೆ. ಫಿಲ್ಟರ್ ಮೇಲಿನ ಏರ್ ಸ್ಕ್ರೂ ಸಡಿಲಿಸಿ, ಹ್ಯಾಂಡ್ ಪಂಪ್ ಒತ್ತುತ್ತಾ ಹೋಗಿ. ಮೊದಲು ನೊರೆ ಬರುತ್ತದೆ. ಗುಳ್ಳೆ ನಿಂತು ಬರೀ ಡೀಸೆಲ್ ಬಂದಾಗ ಸ್ಕ್ರೂ ಬಿಗಿಯಿರಿ. ಪದೇ ಪದೇ ಏರ್ ಹಿಡಿಯುತ್ತಿದ್ದರೆ ಎಲ್ಲೋ ಪೈಪು ಸೀಳಿದೆ, ಇಲ್ಲವೇ ವಾಷರ್ ಹೋಗಿದೆ. ಪಂಪಿಗೆ ಡೀಸೆಲ್ ಕತ್ತರಿಸುವ ಸೊಲೆನಾಯ್ಡ್ ಇದ್ದರೆ, ಕೀಲಿ ಹಾಕಿದಾಗ ಅದು 'ಟಕ್' ಅನ್ನಬೇಕು. ಅನ್ನದಿದ್ದರೆ ಅದರ ವೈರು ನೋಡಿ. ಅದೊಂದು ವೈರು ಬಿಚ್ಚಿಕೊಂಡರೂ ಇಂಜಿನ್ 'ಹೋಗುತ್ತದೆ'!

ಓಡುವ ಗಾಡಿಯ ಹೊಗೆಗೂ ಭಾಷೆ ಇದೆ. ಕಪ್ಪು ಹೊಗೆಯೆಂದರೆ ಗಾಳಿ ಸಾಲದು ಅಥವಾ ಡೀಸೆಲ್ ಹೆಚ್ಚಾಯಿತು: ಮೊದಲು ಏರ್ ಫಿಲ್ಟರ್, ಆಮೇಲೆ ನಾಜಲ್. ನೀಲಿಯೆಂದರೆ ಇಂಜಿನ್ ಆಯಿಲ್ ಉರಿಯುತ್ತಿದೆ. ಬೆಳಗಿನ ಚಳಿಯಲ್ಲಿ ಸ್ವಲ್ಪ ಬಿಳಿ ಹೊಗೆ ಬಂದರೆ ಗಾಬರಿ ಬೇಡ. ಇಂಜಿನ್ ಕಾದ ಮೇಲೂ ಬಿಳಿ ಹೊಗೆ ನಿಲ್ಲದೆ, ರೇಡಿಯೇಟರ್ ನೀರು ಇಳಿಯುತ್ತಾ, ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಹಾಲು ಬೆರೆಸಿದ ಕಾಫಿಯಂತೆ ಕಂಡರೆ ಗಾಡಿ ಅಲ್ಲೇ ನಿಲ್ಲಿಸಿ. ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಹಾಗೇ ಓಡಿಸಿದರೆ ಬೇರಿಂಗೂ ಹೋಗುತ್ತದೆ.

ಹೀಟ್ ಆಗುತ್ತಿದೆ ಎಂದರೆ ಥರ್ಮೋಸ್ಟಾಟ್ ಕಿತ್ತು ಬಿಸಾಕುವುದು ನಮ್ಮ ಗ್ಯಾರೇಜುಗಳ ದೊಡ್ಡ ಕೆಟ್ಟ ಚಾಳಿ. ಜ್ವರ ಬಂತೆಂದು ಥರ್ಮಾಮೀಟರ್ ಒಡೆದ ಹಾಗೆ! ಅದಿಲ್ಲದ ಇಂಜಿನ್ ಕಾಯುವುದೇ ನಿಧಾನ. ಡೀಸೆಲ್ ಹೆಚ್ಚು ಕುಡಿಯುತ್ತದೆ, ಬೋರು ಬೇಗ ಸವೆಯುತ್ತದೆ. ಕೆಟ್ಟಿದ್ದರೆ ಹೊಸದು ಹಾಕಿಸಿ. ಅದಕ್ಕೂ ಮೊದಲು ಫ್ಯಾನ್ ಬೆಲ್ಟು, ವಾಟರ್ ಪಂಪು, ಧೂಳು ಕಟ್ಟಿದ ರೇಡಿಯೇಟರ್ ನೋಡಿಸಿ. ಕಾದ ರೇಡಿಯೇಟರ್ ಮುಚ್ಚಳ ಮಾತ್ರ ಮುಟ್ಟಬೇಡಿ, ಮುಖ ಸುಟ್ಟೀತು.

ಇನ್ನೊಂದು ಎಚ್ಚರಿಕೆ. ನಾಜಲ್ಲಿನಿಂದ ಚಿಮ್ಮುವ ಡೀಸೆಲ್ಲಿಗೆ ಬೆರಳು ಒಡ್ಡಬೇಡಿ. ಚರ್ಮ ಸೀಳಿ ಒಳಗೆ ಹೋಗುತ್ತದೆ. ಕಾಮನ್ ರೈಲ್ ಇಂಜಿನ್ನಿನ ಗಾಡಿಯಾದರೆ ಆ ಪೈಪುಗಳಿಗೆ ಸ್ಪಾನರ್ ಹಾಕುವ ಯೋಚನೆಯೇ ಬೇಡ. ಇಲ್ಲಿ ಹೇಳುತ್ತಿರುವುದು ಮೆಕ್ಯಾನಿಕಲ್ ಪಂಪಿನ ಹಳೇ ಗಾಡಿಯ ಮಾತು.

ಎಲ್ಲ ನೋಡಿದ ಮೇಲೂ ಪಿಕಪ್ಪೇ ಇಲ್ಲ, ನೀಲಿ ಹೊಗೆ, ಆಯಿಲ್ ಮುಚ್ಚಳ ತೆಗೆದರೆ ಗುಪ್ ಗುಪ್ ಅಂತ ಗಾಳಿ ಉಗುಳುತ್ತಿದೆ — ಆಗ ಕಂಪ್ರೆಷನ್ ಟೆಸ್ಟ್ ಮಾಡಿಸಿ. ಪ್ರತಿ ಸಿಲಿಂಡರಿನ ಲೆಕ್ಕ ಚೀಟಿಯಲ್ಲಿ ಬರೆಸಿಕೊಳ್ಳಿ. ಒಂದೇ ಸಿಲಿಂಡರ್ ಬಿದ್ದಿದ್ದರೆ ವಾಲ್ವೋ ಗ್ಯಾಸ್ಕೆಟ್ಟೋ ಇರಬಹುದು. ಹೆಡ್ ಬಿಚ್ಚಿದರೆ ಸಾಕಾದೀತು. ನಾಲ್ಕೂ ಬಿದ್ದಿದ್ದರೆ ಇಳಿಸಲಿ, ಬೇಡ ಅನ್ನಬೇಡಿ. ಆದರೆ ಬೋರ್ ಅಳೆಯುವಾಗ ಲೇತ್ ಅಂಗಡಿಯಲ್ಲಿ ನೀವೇ ನಿಂತಿರಿ. ಸಾಮಾನಿಗೆ ಹಳೇ ಪಾರ್ಟ್ ಕೈಯಲ್ಲಿ ಹಿಡಿದು ಜೆ.ಸಿ. ರಸ್ತೆಗೆ ನೀವೇ ಹೋಗಿ, ನಾಲ್ಕು ಅಂಗಡಿ ವಿಚಾರಿಸಿ. ಗಾಡಿ ತರುವ ದಿನ ಬಿಲ್ಲಿನ ಜೊತೆ ಕಿತ್ತ ರಿಂಗು, ಬೇರಿಂಗು, ಗ್ಯಾಸ್ಕೆಟ್ ಎಲ್ಲವನ್ನೂ ಒಂದು ಚೀಲದಲ್ಲಿ ವಾಪಸ್ ಕೇಳಿ.