ಹಡಗಿನ ಚುಕ್ಕಾಣಿಗ ದೋಣಿಗೆ ಬಂದಾಗ

ಗೃಹಿಣಿ ನಾಲ್ಕು ದಿನ ತವರಿಗೆ ಹೋದಳೆಂದರೆ ಆ ಮನೆಯ ವ್ಯವಸ್ಥೆ ಎಂಥದೆಂಬುದು ಬಯಲಾಗುತ್ತದೆ. ಒಲೆ ಉರಿಯುತ್ತಿರುವ ತನಕ ಚಿಂತೆಯಿಲ್ಲ; ಆರಿತೆಂದರೆ ಬೆಂಕಿಪೊಟ್ಟಣ ಎಲ್ಲಿದೆಯೆಂಬುದು ಯಾರಿಗೂ ತಿಳಿಯದು. ಗಣಕಯಂತ್ರಗಳ ಸಂಸಾರದಲ್ಲಿಯೂ ಇಂಥದೇ ಒಂದು ತೊಡಕುಂಟು.

ಇಂದು ಗಣಕದ ಕೆಲಸಗಳನ್ನು ‘ಕಂಟೇನರ್’ ಎಂಬ ಡಬ್ಬಿಗಳಲ್ಲಿ ಕಟ್ಟಿಡುವುದು ರೂಢಿ. ಯಾವ ಡಬ್ಬಿ ಯಾವ ಯಂತ್ರಕ್ಕೆ ಹೋಗಬೇಕು, ಒಂದು ಕೆಟ್ಟರೆ ಬದಲಿಯನ್ನು ಎಲ್ಲಿ ಎಬ್ಬಿಸಬೇಕು ಎಂದು ನೋಡಿಕೊಳ್ಳುವ ಮೇಲ್ವಿಚಾರಕನೇ ಕುಬರ್ನೆಟೀಸ್. ೨೦೧೪ರಲ್ಲಿ ಗೂಗಲ್ ಸಂಸ್ಥೆ ಪ್ರಕಟಿಸಿದ ಇದರ ಹೆಸರಿಗೆ ಗ್ರೀಕ್ ಭಾಷೆಯಲ್ಲಿ ಚುಕ್ಕಾಣಿಗನೆಂದು ಅರ್ಥ. ಆದರೆ ಈತ ದೊಡ್ಡ ಹಡಗಿನ ಚುಕ್ಕಾಣಿಗ. ಕಾರ್ಖಾನೆಯ ಮೂಲೆಯಲ್ಲಿ, ಅಂಗಡಿಯ ಹಿಂಗೋಣೆಯಲ್ಲಿ ಕುಳಿತ ಅಂಗೈಯಗಲದ ಯಂತ್ರ ಈತನ ಭಾರವನ್ನು ತಾಳೀತೆ? ಅಮೆರಿಕದ ಚಿಕ್-ಫಿಲ್-ಎ ಎಂಬ ಭೋಜನಶಾಲೆಗಳವರು ಒಂದೊಂದು ಅಂಗಡಿಯಲ್ಲಿ ಮೂರು ಮೂರು ಪುಟ್ಟ ಗಣಕಗಳನ್ನಿಟ್ಟು ಇದನ್ನು ನಡೆಸುತ್ತಿರುವುದಾಗಿ ೨೦೧೮ರಲ್ಲಿ ತಿಳಿಸಿದ್ದರು.

ಇದಕ್ಕಾಗಿಯೇ ಹಗುರ ಚುಕ್ಕಾಣಿಗರು ಹುಟ್ಟಿಕೊಂಡರು. ರ‍್ಯಾಂಚರ್ ಲ್ಯಾಬ್ಸ್ ೨೦೧೯ರಲ್ಲಿ ಹೊರತಂದ ಕೆ-ಥ್ರೀ-ಎಸ್ ನೂರು ಮೆಗಾಬೈಟಿಗೂ ಕಡಿಮೆಯಾದ ಒಂದೇ ಕಡತ. ಕೆನಾನಿಕಲ್ ಸಂಸ್ಥೆಯ ಮೈಕ್ರೋ-ಕೆ-ಎಯ್ಟ್ಸ್ ಸಲೀಸಾಗಿ ಕೂರುತ್ತದೆ. ಆದರೆ ೪ ಗಿಗಾಬೈಟ್ ಸ್ಮೃತಿ ಇದ್ದರೆ ಲೇಸೆಂದು ಅದರ ಕೈಪಿಡಿಯೇ ಹೇಳುತ್ತದೆ. ಕೆ-ಝೀರೋ-ಎಸ್ ಎಂಬ ಮತ್ತೊಬ್ಬನೂ ಉಂಟು.

ಸ್ಮೃತಿಯ ಲೆಕ್ಕವೊಂದನ್ನೇ ನೋಡಿ ಇವರಲ್ಲಿ ಒಬ್ಬನನ್ನು ಆರಿಸುವುದು, ತೂಕ ನೋಡಿ ಅಳಿಯನನ್ನು ಆರಿಸಿದಂತೆ. ನಿಜವಾದ ಪೆಟ್ಟು ಬೇರೆಡೆ ಬೀಳುತ್ತದೆ. ಮೂಲ ಕುಬರ್ನೆಟೀಸ್ ತನ್ನ ದಫ್ತರವನ್ನು ಇಡುವುದು ಎಟ್‌ಸಿಡಿ ಎಂಬ ಭಂಡಾರದಲ್ಲಿ. ಅದು ಬಿಡುವಿಲ್ಲದೆ ಬರೆಯುತ್ತದೆ. ಸಣ್ಣ ಯಂತ್ರಗಳ ಮೆಮೊರಿ ಕಾರ್ಡು ಆ ಬರವಣಿಗೆಯನ್ನು ತಾಳಲಾರದು. ಕೆ-ಥ್ರೀ-ಎಸ್ ಆ ಜಾಗದಲ್ಲಿ ಎಸ್‌ಕ್ಯೂಲೈಟ್ ಎಂಬ ಸರಳ ಭಂಡಾರವನ್ನಿಟ್ಟಿತು. ಜಾಣತನವೇ ಸರಿ. ಆದರೆ ಒಬ್ಬ ಬಿದ್ದರೂ ಆಡಳಿತ ನಿಲ್ಲಬಾರದೆಂದು ಮೂವರು ಮೇಲ್ವಿಚಾರಕರನ್ನು ಜೊತೆಗೂಡಿಸಹೊರಟರೆ, ಹೊರಗಿನ ಭಂಡಾರವೊಂದು ಇಲ್ಲದಿದ್ದಲ್ಲಿ ಅದೇ ಎಟ್‌ಸಿಡಿ ಹಿಂಬಾಗಿಲಿನಿಂದ ಮರಳುತ್ತದೆ!

ಚೇತರಿಕೆಯ ವೇಗದಲ್ಲಿಯೂ ಹಗುರನಿಗೆ ವಿಶೇಷ ಲಾಭವಿಲ್ಲ. ಒಂದು ಯಂತ್ರ ಸತ್ತಿತೆಂದು ಗುರುತಿಸಲು ಮುಕ್ಕಾಲು ನಿಮಿಷದಷ್ಟು, ಅದರ ಕೆಲಸವನ್ನು ಬೇರೆಡೆಗೆ ಕಳುಹಿಸುವ ಮುನ್ನ ಮತ್ತೆ ೩೦೦ ಸೆಕೆಂಡು ಕಾಯುವುದು ಮೂಲದಿಂದ ಬಂದ ಕಟ್ಟಳೆ. ನಾವಾಗಿ ತಿದ್ದದಿದ್ದರೆ ಹಡಗಿಗೂ ದೋಣಿಗೂ ಅದೇ ಕಾಯುವಿಕೆ.

ಇನ್ನು ಒಲೆಯ ಮಾತು. ಮೇಲ್ವಿಚಾರಕ ದೂರದ ಊರಿನಲ್ಲಿದ್ದು ನಡುವೆ ತಂತಿ ಕಡಿಯಿತೆನ್ನಿ. ಓಡುತ್ತಿರುವ ಡಬ್ಬಿಗಳು ಓಡುತ್ತಲೇ ಇರುತ್ತವೆ. ಅಷ್ಟರಲ್ಲಿ ವಿದ್ಯುತ್ತು ಹೋಗಿ ಬಂದರೆ? ಎದ್ದು ಕುಳಿತ ಯಂತ್ರಕ್ಕೆ ತಾನು ಮಾಡಬೇಕಾದುದೇನೆಂದು ಹೇಳುವವರಿಲ್ಲ. ಸಾಮಾನ್ಯ ಏರ್ಪಾಡಿನಲ್ಲಿ ಅದು ಸುಮ್ಮನೆ ಕಾಯುತ್ತದೆ. ಹುವಾವೇ ಸಂಸ್ಥೆಯಿಂದ ೨೦೧೮ರಲ್ಲಿ ಬಂದ ಕ್ಯೂಬ್‌ಎಡ್ಜ್ ಈ ಆದೇಶಗಳ ನಕಲನ್ನು ಆ ಯಂತ್ರದಲ್ಲಿಯೇ ಬರೆದಿಡುತ್ತದೆ. ಎದ್ದೊಡನೆ ಅದು ತನ್ನ ಚೀಟಿ ಓದಿ ಕೆಲಸಕ್ಕೆ ತೊಡಗುತ್ತದೆ. ಇದಕ್ಕೆ ಪಟ್ಟಣದಲ್ಲೊಬ್ಬ ಪೂರ್ಣಪ್ರಮಾಣದ ಕುಬರ್ನೆಟೀಸ್ ಇರಲೇಬೇಕು, ಅದು ಬೇರೆ ಖರ್ಚು. ಅಂಗಡಿಯಲ್ಲಿಯೇ ಮೇಲ್ವಿಚಾರಕನಿದ್ದರೆ ನಾನಾದರೂ ಕೆ-ಥ್ರೀ-ಎಸ್ ಇಡಿಸಿಯೇನು, ಕಾರ್ಡಿನ ಬದಲು ಗಟ್ಟಿ ಡಿಸ್ಕು ಹಾಕಿಸಿ. ತಂತಿ ಪದೇ ಪದೇ ಕಡಿಯುವ ದೂರದ ಗಾಳಿಯಂತ್ರಕ್ಕಾದರೆ ಕ್ಯೂಬ್‌ಎಡ್ಜ್. ಯಾರಾದರೂ ಹೋಲಿಕೆಯ ಪಟ್ಟಿ ತಂದು ತೋರಿಸಿದರೆ, ತಂತಿ ಕಿತ್ತು ಯಂತ್ರವನ್ನು ಆರಿಸಿ ಹೊತ್ತಿಸಿದ ಪರೀಕ್ಷೆ ಅದರಲ್ಲಿ ಇದೆಯೇ ಎಂದು ಮೊದಲು ಹುಡುಕುತ್ತೇನೆ.